ಭೂಮಿ ವಾಲೋದಕ್ಕೂ ಪ್ರಾಣಿಗಳು ಅಳಿಯೋದಕ್ಕೂ ಏನ್ ಸಂಬಂಧ? ತಿಳಿದೋರು ಹೇಳಿ

ಕುಕ್ಕರಹಳ್ಳಿ ಕೊಕ್ಕರೆ:
ನಮ್ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ದೊಡ್ಡಪ್ಪ ಒಂದು ವಿಡಿಯೋ ಹಾಕಿದಾರೆ. ಭೂಮಿ ಸೂರ್ಯನ್ನ ಸುತ್ತೋ ದಾರಿ ಸಾವಿರಾರು ವರ್ಷಕ್ಕೊಂದ್ಸಲ ಬದಲಾಗತ್ತೆ, ಅಕ್ಷ ವಾಲತ್ತೆ, ಹಿಮಯುಗ ಬಂದಿದ್ದೂ ಹೋಗಿದ್ದೂ ಅದ್ರಿಂದಾನೇ, ಪ್ರಾಣಿಗಳು ಹುಟ್ಟೋದು ಅಳಿಯೋದೂ ಅದೇ ಲೆಕ್ಕ, ಈಗ ಸೆಕೆ ಜಾಸ್ತಿ ಆಗ್ತಿರೋದೂ ಅದೇ, ಹಾಗಾಗಿ ಕಾರು ಫ್ಯಾಕ್ಟರಿ ಹೊಗೆ ಅನ್ನೋದೆಲ್ಲ ಬರೀ ನೆಪ ಅಂತ. ನಾನು ಓದಿದ್ದು ಕಾಮರ್ಸು. ಮೊದಲರ್ಧ ನಿಜ ಇರ್ಬೋದು ಅನ್ಸತ್ತೆ, ಕೊನೇದು ಡೌಟು. ಸುಮ್ನೆ "ಅದು ಸುಳ್ಳು ದೊಡ್ಡಪ್ಪ" ಅಂದ್ರೆ ಕೇಳೋ ಆಸಾಮಿ ಅಲ್ಲ, ಗಟ್ಟಿ ಪಾಯಿಂಟ್ ಬೇಕು. ಯಾರಾದ್ರೂ ಬಿಡಿಸಿ ಹೇಳ್ತೀರಾ?

ಬೆಳಗಿನ ವಾಕಿಂಗ್:
ದೊಡ್ಡಪ್ಪಂದಿರ ಹತ್ರ ವಾದ ಮಾಡಿ ಗೆದ್ದೋರು ಯಾರೂ ಇಲ್ಲ. ಗ್ರೂಪ್ ಮ್ಯೂಟ್ ಮಾಡಿ, ಆರಾಮಾಗಿರಿ.

ನಕ್ಷತ್ರ ಪ್ರಿಯೆ:
ಮ್ಯೂಟ್ ಯಾಕ್ರೀ, ಒಳ್ಳೇ ಪ್ರಶ್ನೆ ಕೇಳಿದಾರೆ. ಮೊದಲರ್ಧ ಪಕ್ಕಾ ನಿಜ. ಆದ್ರೆ ಅಲ್ಲಿರೋದು ಮೂರು ಬೇರೆಬೇರೆ ಚಲನೆ, ಇಂಥ ವಿಡಿಯೋಗಳಲ್ಲಿ ಮೂರನ್ನೂ ಕಲಸಿ ಹಾಕ್ಬಿಡ್ತಾರೆ.

ಭೂಮಿ ಓಡೋ ದಾರಿ ಕೆಲವು ಕಾಲ ಹೆಚ್ಚುಕಮ್ಮಿ ಗುಂಡಗಿರತ್ತೆ, ಕೆಲವು ಕಾಲ ಒಂಚೂರು ಉದ್ದಕ್ಕೆ ಎಳ್ಕೊಳತ್ತೆ, ಬೇರೆ ಗ್ರಹಗಳ ಸೆಳೆತದಿಂದ. ಇದಕ್ಕೆ ಸುಮಾರು 1 ಲಕ್ಷ ವರ್ಷದ್ದೊಂದು ಲಯ ಇದೆ, 4,05,000 ವರ್ಷದ್ದು ಇನ್ನೊಂದು. ಆಮೇಲೆ ಅಕ್ಷದ ವಾಲು, 22.1 ಡಿಗ್ರಿಯಿಂದ 24.5 ಡಿಗ್ರಿ ಮಧ್ಯೆ ಹೋಗಿ ಬರಕ್ಕೆ 41,000 ವರ್ಷ, ಈಗ 23.4ರಲ್ಲಿದೆ, ಕಮ್ಮಿ ಆಗ್ತಾ ಇದೆ. ಮೂರನೇದು ಅಕ್ಷ ಮುಖ ಮಾಡಿರೋ ದಿಕ್ಕು. ಬುಗುರಿ ನಿಲ್ಲೋ ಮುಂಚೆ ತಲೆ ತೂಗತ್ತಲ್ಲ, ಹಾಗೆ ಭೂಮಿನೂ ತಲೆ ತೂಗತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ. ಕಕ್ಷೆನೂ ನಿಧಾನಕ್ಕೆ ತಿರುಗೋದ್ರಿಂದ ಋತುಗಳ ಮೇಲೆ ಇದರ ಪರಿಣಾಮ 19 ರಿಂದ 23 ಸಾವಿರ ವರ್ಷಕ್ಕೊಂದ್ಸಲ ಬರತ್ತೆ.

ಇಷ್ಟೆಲ್ಲಾ ಆದ್ರೂ ವರ್ಷಕ್ಕೆ ಇಡೀ ಭೂಮಿ ಮೇಲೆ ಬೀಳೋ ಒಟ್ಟು ಬಿಸಿಲು ಬದಲಾಗೋದು ಜಾಸ್ತಿ ಅಂದ್ರೆ 0.2 ಪರ್ಸೆಂಟು ಅಷ್ಟೇ. ಬದಲಾಗೋದು ಯಾವ ತಿಂಗಳಲ್ಲಿ ಎಲ್ಲಿ ಎಷ್ಟು ಬೀಳತ್ತೆ ಅನ್ನೋದು. ಆಟ ಇರೋದೇ ಅಲ್ಲಿ.

ವಿಸಿ ನಾಲೆ:
ಅಕ್ಕಾ ಒಂದ್ ನಿಮ್ಸ. ಸೂರ್ಯ ಅತ್ರ ಬಂದ್ರೆ ಸೆಕೆ ಆಗ್ಬೇಕಲ್ವಾ? ಜನವರೀಲಿ ಅತ್ರ ಇರ್ತದಂತೆ, ಆ ಟೈಮಲ್ಲಿ ಬೆಳಗ್ಗೆ ಗದ್ದೆಗೆ ನೀರ್ ಕಟ್ಟಕ್ಕೋದ್ರೆ ಕೈಕಾಲು ಸೆಟ್ಕೊಂಡೋಯ್ತದೆ. ಇದೆಂಗೆ?

ನಕ್ಷತ್ರ ಪ್ರಿಯೆ:
ಅಣ್ಣಾ ಚಳಿಗಾಲ ಬೇಸಿಗೆ ಮಾಡೋದು ವಾಲು, ದೂರ ಅಲ್ಲ. ಆದ್ರೆ ದೂರಕ್ಕೂ ಲೆಕ್ಕ ಇದೆ. ಜನವರಿ ಮೊದಲ ವಾರ 14.7 ಕೋಟಿ ಕಿಲೋಮೀಟರು, ಜುಲೈ ಮೊದಲ ವಾರ 15.2 ಕೋಟಿ. ಅದ್ರಿಂದ ಬಿಸಿಲಲ್ಲಿ 7 ಪರ್ಸೆಂಟ್ ಹತ್ರ ವ್ಯತ್ಯಾಸ. ಅಂದ್ರೆ ಈಗ ನಮ್ಮ ಉತ್ತರಾರ್ಧದ ಬೇಸಿಗೆ ಸೂರ್ಯ ದೂರ ಇದ್ದಾಗ ಬರ್ತಿದೆ. ಸುಮಾರು 11,000 ವರ್ಷದ ಹಿಂದೆ ಇದು ಉಲ್ಟಾ ಇತ್ತು, ನಮ್ ಬೇಸಿಗೇಲೇ ಸೂರ್ಯ ಹತ್ರ.

ಅಗ್ರಹಾರದ ಪಂಚಾಂಗ:
ಭೂಮಿ ತಲೆ ತೂಗೋದ್ರಿಂದ ಆಗೋ ಈ ಸರಿತವನ್ನೇ ನಮ್ಮೋರು ಅಯನಾಂಶ ಅಂತ ಸಾವಿರ ವರ್ಷದ ಹಿಂದೇನೇ ಹೇಳಿದ್ದು. ಸೂರ್ಯಸಿದ್ಧಾಂತದಲ್ಲಿ ವರ್ಷಕ್ಕೆ 54 ವಿಕಲೆ (ಒಂದು ಡಿಗ್ರಿಗೆ 3,600 ವಿಕಲೆ) ಅಂತಿದೆ, ಈಗಿನ ವಿಜ್ಞಾನಿಗಳದ್ದು 50.3. ಎಷ್ಟು ಹತ್ರ ನೋಡಿ. ಅಷ್ಟೇ ಅಲ್ಲ, ಕಲಿಯುಗ 4,32,000 ವರ್ಷ, ಮೇಡಂ ಹೇಳಿದ ಲಯ 4,05,000. ಇದು ಕಾಕತಾಳೀಯನಾ?

ಜೆಎಲ್‌ಬಿ ರೋಡ್ ಇಂಜಿನಿಯರ್:
ಹೌದು, ಕಾಕತಾಳೀಯ.

ನಕ್ಷತ್ರ ಪ್ರಿಯೆ:
ಅಯನಾಂಶದ ಮಾತು ಒಪ್ತೀನಿ ಸರ್, ಅದು ದೊಡ್ಡ ಸಾಧನೆನೇ. ಆದ್ರೆ ಸೂರ್ಯಸಿದ್ಧಾಂತದಲ್ಲಿ ಅದು 27 ಡಿಗ್ರಿ ಆಕಡೆ 27 ಡಿಗ್ರಿ ಈಕಡೆ ತೂಗಿ ವಾಪಸ್ ಬರತ್ತೆ ಅಂತಿದೆ, ನಿಜವಾಗಿ ಪೂರ್ತಿ ಸುತ್ತು ಹೊಡೆಯತ್ತೆ. ಯುಗದ ಲೆಕ್ಕ ಮಾತ್ರ ಬಿಡಿ. 4,05,000 ಬರೋದು ಶುಕ್ರ ಮತ್ತು ಗುರು ಗ್ರಹಗಳ ಕಕ್ಷೆ ತಿರುಗೋ ವೇಗದ ವ್ಯತ್ಯಾಸದಿಂದ. 27 ಸಾವಿರ ವರ್ಷ ಜಾಸ್ತಿ ಇದ್ರೂ ಪರವಾಗಿಲ್ಲ ಅಂದ್ರೆ ಯಾವ ಸಂಖ್ಯೆನ ಯಾವುದಕ್ಕೆ ಬೇಕಾದ್ರೂ ಹೊಂದಿಸ್ಬೋದು.

ವಿಸಿ ನಾಲೆ:
ಅದ್ಕೇ ಸಂಕ್ರಾಂತಿ 14ರಿಂದ 15ಕ್ಕೆ ಓಗ್ತಾ ಇರೋದಾ? ನಮ್ಮಪ್ಪ ಯಾವಾಗ್ಲೂ 14ಕ್ಕೇ ದನ ಕಿಚ್ಚಾಯ್ಸ್ತಿದ್ದಿದ್ದು.

ಅಗ್ರಹಾರದ ಪಂಚಾಂಗ:
ಅದೇ ಸ್ವಾಮಿ. ಸುಮಾರು 72 ವರ್ಷಕ್ಕೆ ಒಂದು ದಿನ ಮುಂದಕ್ಕೆ. ನಿಜವಾದ ಉತ್ತರಾಯಣ ಡಿಸೆಂಬರ್ 21-22ಕ್ಕೇ ಶುರು, ಮಕರ ಸಂಕ್ರಾಂತಿ ಜನವರಿ ಮಧ್ಯಕ್ಕೆ ಬಂದು ನಿಂತಿದೆ. ಎರಡೂ ಒಂದೇ ದಿನ ಬರ್ತಿದ್ದಿದ್ದು ಕ್ರಿ.ಶ. 285ರ ಆಸುಪಾಸು. ಈಗ 24 ಡಿಗ್ರಿ ಅಂತರ.

ಬೆಳಗಿನ ವಾಕಿಂಗ್:
ಎಳ್ಳುಬೆಲ್ಲ ಯಾವತ್ತು ಕೊಟ್ರೂ ತಿನ್ನಕ್ಕೆ ನಾನ್ ರೆಡಿ.

ಕಲ್ಲು ಮಣ್ಣು:
ತಡವಾಗಿ ಬಂದೆ. ಭೂವಿಜ್ಞಾನ ಓದಿದೋನು, ಸ್ವಲ್ಪ ಉದ್ದ ಆಗತ್ತೆ, ತಾಳ್ಮೆ ಇದ್ದೋರು ಓದಿ.

ಈ ಐಡಿಯಾನ ಲೆಕ್ಕದ ಸಮೇತ ಮೊದಲು ಹಿಡಿದೋನು ಜೇಮ್ಸ್ ಕ್ರೋಲ್ ಅಂತ ಸ್ಕಾಟ್ಲೆಂಡಿನವನು. ಕಾಲೇಜು ಮೆಟ್ಟಿಲು ಹತ್ತಿರ್ಲಿಲ್ಲ, ಗಾಡಿ ಕೆಲಸ, ಟೀ ಅಂಗಡಿ ಎಲ್ಲ ನೋಡಿ ಕೊನೆಗೆ ಗ್ಲಾಸ್ಗೋದ ಒಂದು ಮ್ಯೂಸಿಯಂನಲ್ಲಿ ಜವಾನನಾಗಿದ್ದ, ಅಲ್ಲಿನ ಲೈಬ್ರರಿ ಪುಸ್ತಕ ಓದ್ಕೊಂಡೇ 1864ರಲ್ಲಿ ಲೇಖನ ಬರೆದ. ಅವನು ಚಳಿಗಾಲದ ಬಿಸಿಲು ಕಮ್ಮಿ ಆಗೋದೇ ಮುಖ್ಯ ಅಂದ್ಕೊಂಡಿದ್ದ. ಆಮೇಲೆ ಸರ್ಬಿಯಾದ ಮಿಲುಟಿನ್ ಮಿಲಂಕೋವಿಚ್. ಅವನು 1914ರಲ್ಲಿ ಮದುವೆಯಾಗಿ ಹುಟ್ಟೂರಿಗೆ ಹೋದಾಗ ಯುದ್ಧ ಶುರುವಾಗಿ ಆಸ್ಟ್ರಿಯಾ-ಹಂಗೇರಿಯವರು ಹಿಡಿದು ಒಳಗೆ ಹಾಕಿದ್ರು, ಆಮೇಲೆ ಬುಡಾಪೆಸ್ಟಲ್ಲಿ ಇರಕ್ಕೆ ಬಿಟ್ರು, ಅಲ್ಲಿ ಅಕಾಡೆಮಿ ಲೈಬ್ರರೀಲಿ ಕೂತು ಕೈಯಲ್ಲೇ ಲೆಕ್ಕ ಮುಂದುವರಿಸಿದ. ಚಳಿಗಾಲ ಅಲ್ಲ, ಬೇಸಿಗೆ ನೋಡಪ್ಪಾ ಅಂದೋರು ಹವಾಮಾನ ತಜ್ಞ ಕೊಪ್ಪೆನ್. ಚಳಿಗಾಲದಲ್ಲಿ ಹಿಮ ಹೇಗೂ ಬೀಳತ್ತೆ, ಬೇಸಿಗೆ ತಣ್ಣಗಿದ್ರೆ ಅದು ಕರಗದೆ ಉಳಿಯತ್ತೆ, ವರ್ಷವರ್ಷ ಪೇರ್ಕೊಂಡು ಹೋಗತ್ತೆ. ಹಾಗಾಗಿ 65 ಡಿಗ್ರಿ ಉತ್ತರದ ಬೇಸಿಗೆ ಬಿಸಿಲು ಎಷ್ಟು ಅನ್ನೋದು ಎಲ್ಲರ ಲೆಕ್ಕದ ಕೇಂದ್ರ ಆಯ್ತು.

ಸಾಕ್ಷಿ ಸಿಕ್ಕಿದ್ದು ಸಮುದ್ರದ ತಳದಲ್ಲಿ. ಫೊರಾಮಿನಿಫೆರಾ ಅಂತ ಏಕಕೋಶ ಜೀವಿ ಇದೆ, ಅದರ ಚಿಪ್ಪು ಮರಳಿನ ಕಣದಷ್ಟು. ನಾನು ಸ್ಟೂಡೆಂಟ್ ಆಗಿದ್ದಾಗ ಮಾಡಿದ ಕೆಲಸ ಇದು: ಕೆಸರು ಜರಡಿ ಹಿಡಿದು ಒಣಗಿಸಿ, ಕರಿ ತಟ್ಟೇಲಿ ತೆಳ್ಳಗೆ ಉದುರಿಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು, ಸಣ್ಣ ಬ್ರಷ್ಷಿನ ತುದಿ ಒದ್ದೆ ಮಾಡ್ಕೊಂಡು ಒಂದೊಂದೇ ಚಿಪ್ಪು ಎತ್ತೋದು. ಸುರುಳಿ ಇರೋದು ಒಂದು ಜಾತಿ, ಗುಂಡು ಗುಂಡು ಅಂಟ್ಕೊಂಡಿರೋದು ಇನ್ನೊಂದು, ಮೈ ತುಂಬಾ ತೂತು. ಜೋರಾಗಿ ಉಸಿರು ಬಿಟ್ರೆ ಮಧ್ಯಾಹ್ನದವರೆಗೆ ಆರಿಸಿದ್ದೆಲ್ಲ ಹಾರಿಹೋಗತ್ತೆ. ಹಗುರ ಆಮ್ಲಜನಕ ಇರೋ ನೀರು ಬೇಗ ಆವಿಯಾಗಿ ಹೋಗಿ ಹಿಮದಲ್ಲಿ ಕೂತ್ಕೊಳತ್ತೆ, ಸಮುದ್ರದಲ್ಲಿ ಭಾರದ್ದು ಜಾಸ್ತಿ ಉಳಿಯತ್ತೆ, ಆ ಗುರುತು ಚಿಪ್ಪಲ್ಲಿ ಸಿಗತ್ತೆ, ಅಂದ್ರೆ ಯಾವ ಕಾಲದಲ್ಲಿ ಹಿಮ ಎಷ್ಟಿತ್ತು ಅಂತ ಗೊತ್ತಾಗತ್ತೆ. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಮೂವರೂ ದಕ್ಷಿಣ ಹಿಂದೂ ಮಹಾಸಾಗರದ ಕೆಸರು ಕೊಳವೆಗಳಲ್ಲಿ ಇದನ್ನ ಅಳೆದು ನೋಡಿದ್ರೆ 1 ಲಕ್ಷ, 41 ಸಾವಿರ, 23 ಸಾವಿರ, 19 ಸಾವಿರ, ಎಲ್ಲಾ ಲಯನೂ ಅಲ್ಲಿತ್ತು. ಮಿಲಂಕೋವಿಚ್ ತೀರ್ಕೊಂಡು ಆಗ್ಲೇ 18 ವರ್ಷ ಆಗಿತ್ತು.

ಜೆಎಲ್‌ಬಿ ರೋಡ್ ಇಂಜಿನಿಯರ್:
ಸರ್, ಗೌರವದಿಂದಾನೇ ಕೇಳ್ತೀನಿ. ಕೆಸರಿಗೆ ವಯಸ್ಸು ಹಾಕೋವಾಗ್ಲೇ ಕಕ್ಷೆ ಲೆಕ್ಕ ನೋಡ್ಕೊಂಡು ಎಳೆದು ಕೂರಿಸ್ತಾರೆ, ಆಮೇಲೆ ನೋಡಿ ಕಕ್ಷೆ ಲಯ ಸಿಕ್ತು ಅಂತಾರೆ. ಇದು ನಾವೇ ಪ್ರಶ್ನೆಪತ್ರಿಕೆ ತೆಗೆದು ನಾವೇ ಪಾಸಾದಂಗಲ್ವಾ? ಇನ್ನೊಂದು, 1 ಲಕ್ಷ ವರ್ಷದ ಲಯಕ್ಕೆ ಬಿಸಿಲಿನ ವ್ಯತ್ಯಾಸ ತೀರಾ ಕಮ್ಮಿ, ಆದ್ರೂ ದೊಡ್ಡ ಹಿಮಯುಗಗಳೆಲ್ಲ ಅದೇ ಲಯದಲ್ಲೇ ಯಾಕೆ ಬಂದ್ವು?

ಕಲ್ಲು ಮಣ್ಣು:
ಮೊದಲನೇದು ಬಹಳ ಜನ ಎತ್ತಿರೋ ಆಕ್ಷೇಪಣೆ, ಸರಿಯಾದ್ದೇ. ಅದಕ್ಕೇ ಬೇರೆ ಗಡಿಯಾರದಲ್ಲಿ ಪರೀಕ್ಷೆ ಮಾಡಿದ್ದು. ಅಮೆರಿಕದ ನ್ಯೂಜೆರ್ಸಿ ಕಡೆ ನ್ಯೂವಾರ್ಕ್ ಜಲಾನಯನದಲ್ಲಿ ಡೈನೋಸಾರ್ ಶುರುವಾದ ಕಾಲದ ಸರೋವರಗಳ ಪದರ ಇದೆ. ಕೆರೆ ತುಂಬಿದಾಗ ಕರೀ ಪದರ, ಬತ್ತಿದಾಗ ಬಿರುಕು ಬಿಟ್ಟ ಕೆಂಪು ಮಣ್ಣು. ಪಾಲ್ ಓಲ್ಸೆನ್, ಡೆನ್ನಿಸ್ ಕೆಂಟ್ ಮತ್ತೆ ಜೊತೆಗಾರರು ಅರಿಜೋನಾದ ಅದೇ ಕಾಲದ ಬಂಡೆಗಳ ಜಿರ್ಕಾನ್ ಹರಳಿನ ಯುರೇನಿಯಂ-ಸೀಸ ವಯಸ್ಸು (ಯುರೇನಿಯಂ ಗೊತ್ತಿರೋ ವೇಗದಲ್ಲಿ ಸೀಸ ಆಗತ್ತೆ, ಅದೇ ಗಡಿಯಾರ) ಇಟ್ಕೊಂಡು 2018ರಲ್ಲಿ ತಾಳೆ ನೋಡಿದ್ರು. 4,05,000 ವರ್ಷದ ಲಯ 21.5 ಕೋಟಿ ವರ್ಷ ಹಿಂದೆನೂ ಹಾಗೇ ಇತ್ತು. ಅಲ್ಲಿ ಯಾರೂ ಎಳೆದು ಕೂರಿಸಿಲ್ಲ.

ಎರಡನೇದಕ್ಕೆ ಇವತ್ತಿಗೂ ಜಗಳ ಇದೆ. ಸುಮಾರು 12 ಲಕ್ಷದಿಂದ 7 ಲಕ್ಷ ವರ್ಷದ ಹಿಂದಿನ ನಡುವೆ ಹಿಮಯುಗಗಳು 41 ಸಾವಿರದ ಲಯ ಬಿಟ್ಟು 1 ಲಕ್ಷದ ಲಯಕ್ಕೆ ಬಂದ್ವು. ಕಕ್ಷೆ ಹಾಗೇ ಇತ್ತು, ಭೂಮಿ ಸ್ಪಂದಿಸೋ ರೀತಿ ಬದಲಾಯ್ತು. ಹಿಮದ ಹಾಳೆ ದಪ್ಪ ಆಗಿದ್ದು ಕಾರಣ ಅಂತ ಕೆಲವರು, ಇಂಗಾಲದ ಡೈಆಕ್ಸೈಡ್ ಕಮ್ಮಿ ಆಗಿದ್ದು ಅಂತ ಕೆಲವರು. ನನ್ನ ಓಟು ಎರಡಕ್ಕೂ ಅರ್ಧರ್ಧ.

ಜೆಎಲ್‌ಬಿ ರೋಡ್ ಇಂಜಿನಿಯರ್:
ಅರ್ಧರ್ಧ ಓಟು ಕುಲಗೆಟ್ಟೋಗತ್ತೆ ಸರ್.

ವಿಸಿ ನಾಲೆ:
ಐಸು ಕೆಸರು ಎಲ್ಲಾ ಸರಿ, ಮಳೆ ಕತೆ ಏನು? ನಮ್ಗೆ ಬೇಕಿರೋದು ಮಳೆ ಕಣಣ್ಣ. ಕೊಡಗಲ್ಲಿ ಬಿದ್ರೆ ಕನ್ನಂಬಾಡಿ ತುಂಬ್ತದೆ, ಕನ್ನಂಬಾಡಿ ತುಂಬಿದ್ರೆ ನಾಲೆಗೆ ನೀರ್ ಬುಡ್ತಾರೆ, ಇಲ್ದಿದ್ರೆ ಒಟ್ಲು ಒಣಗ್ತದೆ.

ರಂಗನತಿಟ್ಟು ಫ್ಯಾನ್:
ಅಣ್ಣಾ ನಿಮ್ ಪ್ರಶ್ನೆಗೇ ಕಾಯ್ತಿದ್ದೆ. ಉತ್ತರಾರ್ಧದ ಬೇಸಿಗೇಲಿ ಸೂರ್ಯ ಹತ್ರ ಇದ್ದಾಗ ನೆಲ ಜಾಸ್ತಿ ಕಾಯತ್ತೆ, ಕಾದಷ್ಟೂ ಸಮುದ್ರದ ಗಾಳಿನ ಜೋರಾಗಿ ಒಳಗೆ ಎಳೆಯತ್ತೆ, ಮುಂಗಾರು ಬಲ ಆಗತ್ತೆ. ಜಾನ್ ಕುಟ್ಸ್‌ಬಾಕ್ ಅನ್ನೋರು 1981ರಲ್ಲಿ ಕಂಪ್ಯೂಟರ್ ಮಾಡೆಲ್ ಹಾಕಿ, 9,000 ವರ್ಷದ ಹಿಂದೆ ಬೇಸಿಗೆ ಬಿಸಿಲು 7 ಪರ್ಸೆಂಟ್ ಜಾಸ್ತಿ ಇತ್ತು, ಅದಕ್ಕೇ ಆಫ್ರಿಕಾ ಏಷ್ಯಾ ಎರಡೂ ಕಡೆ ಮುಂಗಾರು ಜೋರಿತ್ತು ಅಂತ ತೋರಿಸಿದ್ರು. ಆಗ ಸಹಾರಾದಲ್ಲಿ ಹುಲ್ಲು, ಕೆರೆ, ನೀರಾನೆ. ಅಲ್ಜೀರಿಯಾದ ತಸ್ಸಿಲಿ ಬೆಟ್ಟದ ಬಂಡೆಗಳ ಮೇಲೆ ಜನ ದನ ಮೇಯಿಸೋ ಚಿತ್ರ ಬರೆದಿಟ್ಟಿದಾರೆ, ಈಗ ಅಲ್ಲಿ ಬರೀ ಕಲ್ಲು ಮರಳು. ಸುಮಾರು 5,000 ವರ್ಷದ ಹಿಂದೆ ಆ ಮಳೆ ಹಿಂದೆ ಸರೀತು. ನಮ್ ಮುಂಗಾರೂ ಅಷ್ಟೇ, ಒಮಾನಿನ ಗುಹೆಗಳಲ್ಲಿ ಮೇಲಿಂದ ತೊಟ್ಟಿಕ್ಕಿ ಬೆಳೆದಿರೋ ಸುಣ್ಣದ ಕಂಬಗಳನ್ನ ಸೀಳಿ ನೋಡಿದ್ರೆ 8,000 ವರ್ಷದಿಂದ ಈಚೆಗೆ ಸ್ವಲ್ಪಸ್ವಲ್ಪವಾಗಿ ಕಮ್ಮಿ ಆಗ್ತಾ ಬಂದಿರೋದು ಕಾಣತ್ತೆ.

ಜೀವಿಗಳ ಕತೆ ಬರೋದು ಇಲ್ಲೇ. ಚಾಡ್ ದೇಶದ ಎನ್ನೆಡಿ ಬೆಟ್ಟದ ನಡುವೆ ಗುಯೆಲ್ತಾ ದಾರ್ಶೆ ಅಂತ ಒಂದು ಮಡು. ಸುತ್ತ ಮರುಭೂಮಿ, ಒಂಟೆಗಳು ನೀರು ಕುಡಿಯಕ್ಕೆ ಬರ್ತವೆ, ಅದೇ ನೀರಲ್ಲಿ ಬೆರಳೆಣಿಕೆ ಮೊಸಳೆಗಳು. ಹಸಿರು ಸಹಾರಾ ಕಾಲದಲ್ಲಿ ಹರಡಿದ್ದ ಸಂತತಿ, ಕೆರೆಗಳು ಬತ್ತಿದ್ಮೇಲೆ ಅಲ್ಲಿ ಸಿಕ್ಕಾಕ್ಕೊಂಡಿವೆ.

ವಿಸಿ ನಾಲೆ:
ಒಂಟೆ ಸೆಗಣಿ ನೀರಲ್ಲಿ ಮೊಸಳೆ. ಪಾಪ. ನಮ್ ರಂಗನತಿಟ್ಟು ಮೊಸಳೆ ಪುಣ್ಯ ಮಾಡಿದ್ವು ಬುಡಿ.

ಸರಸ್ವತಿಪುರಂ ಟೀಚರ್:
ನಮ್ ಕಡೆ ಇಂಥ ಉದಾಹರಣೆ ಇದೆಯಾ? ಮಕ್ಕಳಿಗೆ ಸಹಾರಾ ಅಂದ್ರೆ ದೂರದ ಮಾತು. ಊಟಿ ಕಡೆ ಬೆಟ್ಟದ ಕಾಡುಮೇಕೆ ವರೆಯಾಡು (ನೀಲಗಿರಿ ತಾರ್) ಹಿಮಯುಗದಲ್ಲಿ ಹಿಮಾಲಯದಿಂದ ಬಂದಿದ್ದು ಅಂತ ಓದಿದ ನೆನಪು.

ರಂಗನತಿಟ್ಟು ಫ್ಯಾನ್:
ಮೇಡಂ ಅದು ಹಳೇ ವಾದ. ಸುಂದರ್ ಲಾಲ್ ಹೋರಾ ಅಂತ ಮೀನಿನ ತಜ್ಞರು, ಹಿಮಾಲಯ ಕಡೆಯ ಜೀವಿಗಳು ಸಾತ್ಪುರ ಬೆಟ್ಟಸಾಲು ಹಿಡ್ಕೊಂಡು ಪಶ್ಚಿಮ ಘಟ್ಟಕ್ಕೆ ಇಳಿದ್ವು ಅಂತ ಹೇಳಿದ್ರು. ಆದ್ರೆ ನೀಲಗಿರಿ ವರೆಯಾಡಿನ ಡಿಎನ್‌ಎ ನೋಡಿದಾಗ ಅದು ಹಿಮಾಲಯದ ತಾರ್‌ಗಿಂತ ಕುರಿ ಜಾತಿಗೆ ಹತ್ರ ಅಂತ ಬಂತು. ಹಾಗಾಗಿ ಅದನ್ನ ಪಾಠದಲ್ಲಿ ಸೇರಿಸ್ಬೇಡಿ.

ಕಲ್ಲು ಮಣ್ಣು:
ಊಟಿ ಎತ್ತಿದ್ರಲ್ಲ, ಅದಕ್ಕಿಂತ ಒಳ್ಳೇ ಉದಾಹರಣೆ ಅಲ್ಲೇ ಇದೆ. ನೀಲಗಿರಿ ಮೇಲ್ಭಾಗದ ತಗ್ಗುಗಳಲ್ಲಿ ಜೌಗು ನೆಲ ಇದೆ, ಕೊಳೆತ ಹುಲ್ಲು ಗಿಡ ಪದರ ಪದರವಾಗಿ ಕೂತಿರತ್ತೆ, ಕೈಗೆ ತಗೊಂಡ್ರೆ ಕರ್ರಗೆ, ಹಿಂಡಿದ್ರೆ ಕಂದು ನೀರು ಸುರಿಯತ್ತೆ. ಬೆಂಗಳೂರಿನ ಐಐಎಸ್‌ಸಿಯ ರಾಮನ್ ಸುಕುಮಾರ್, ಆನೆ ಅಧ್ಯಯನ ಮಾಡ್ತಾರಲ್ಲ ಅವರೇ, ಸಂಗಡಿಗರ ಜೊತೆ ಆ ಪದರಗಳ ಇಂಗಾಲ ಅಳೆದು 1993ರಲ್ಲಿ ನೇಚರ್ ಪತ್ರಿಕೇಲಿ ಬರೆದ್ರು. ಸಸ್ಯಗಳಲ್ಲಿ ಎರಡು ದೊಡ್ಡ ಬಣ. ಕಬ್ಬು, ರಾಗಿ, ಜೋಳ, ಒಣ ಬಯಲಿನ ಹುಲ್ಲು ಒಂದು ಕಡೆ. ಭತ್ತ, ಮರಗಿಡ ಎಲ್ಲಾ ಇನ್ನೊಂದು ಕಡೆ. ಗಾಳಿಯಿಂದ ಇಂಗಾಲ ಹಿಡಿಯೋ ವಿಧಾನ ಬೇರೆ, ಹಾಗಾಗಿ ಇಂಗಾಲ-13ರ ಪ್ರಮಾಣ ಬೇರೆ. ಸುಮಾರು 20,000 ವರ್ಷದ ಹಿಂದೆ, ಯುರೋಪ್ ಅಮೆರಿಕದ ಮೇಲೆ ಹಿಮ ಕೂತಿದ್ದಾಗ, ಸಮುದ್ರ ಈಗಿಗಿಂತ 120 ಮೀಟರ್ ಕೆಳಗಿದ್ದಾಗ, ನೀಲಗಿರೀಲಿ ಒಣ ಹುಲ್ಲಿನದ್ದೇ ಕಾರುಬಾರು. ಮುಂಗಾರು ಸೊರಗಿತ್ತು ಅಂತ ಅರ್ಥ. 9,000 ವರ್ಷದ ಹೊತ್ತಿಗೆ ಒದ್ದೆ ಕಾಲ. ಮಳೆ ಬಂದಾಗ ಶೋಲಾ ಕಾಡು (ಬೆಟ್ಟದ ಮೇಲಿನ ನಿತ್ಯಹಸಿರು ಕಾಡು) ಹರಡೋದು, ಒಣಗಿದಾಗ ಕಣಿವೆ ಮಡಿಲಿಗೆ ಮುದುಡಿಕೊಳ್ಳೋದು. ಮುದುಡಿದಾಗ ಈ ಬೆಟ್ಟದ ಹಕ್ಕಿ ಆ ಬೆಟ್ಟಕ್ಕೆ ಹೋಗಲ್ಲ, ಬೇರೆ ಬೇರೆ ಆಗ್ತಾ ಹೋಗತ್ತೆ.

ವಿಸಿ ನಾಲೆ:
ಕಬ್ಬು ಒಂದ್ ಬಣ ಭತ್ತ ಒಂದ್ ಬಣ! ನಾನು ಎರಡೂ ಆಕಿದೀನಿ, ಎರಡೂ ಸಾಲದ ಬಣಕ್ಕೇ ಸೇರ್ಕೊಂಡವೆ.

ಬೆಳಗಿನ ವಾಕಿಂಗ್:
😂😂 ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಪಾಕ ಬೆರೆಸಿದ್ರೆ ಲ್ಯಾಬಲ್ಲಿ ಹಿಡಿಯೋದು ಇದೇ ಟೆಸ್ಟ್ ಅಲ್ವಾ? ಜೇನುಹುಳ ಹೋಗೋ ಹೂಗಳೆಲ್ಲ ಹೆಚ್ಚುಕಮ್ಮಿ ಭತ್ತದ ಬಣ.

ಕಲ್ಲು ಮಣ್ಣು:
ಅದೇ ಟೆಸ್ಟು. ಆದ್ರೆ ಅಕ್ಕಿಯಿಂದ ಮಾಡಿದ ಪಾಕ ಬೆರೆಸಿದ್ರೆ ಅದ್ರಲ್ಲಿ ಸಿಗಲ್ಲ, ಅದೂ ಭತ್ತದ ಬಣ ತಾನೆ. ಕಳ್ಳರೂ ಸಸ್ಯಶಾಸ್ತ್ರ ಓದಿರ್ತಾರೆ.

ಕುಕ್ಕರಹಳ್ಳಿ ಕೊಕ್ಕರೆ:
ಜೇನುತುಪ್ಪ ಆಮೇಲೆ. ಪ್ರಾಣಿಗಳು ಅಳಿಯೋದು ಹುಟ್ಟೋದು ಇದೇ ಲೆಕ್ಕ ಅಂದ್ರಲ್ಲ ವಿಡಿಯೋದಲ್ಲಿ, ಅದು?

ರಂಗನತಿಟ್ಟು ಫ್ಯಾನ್:
ಅರ್ಧ ಸತ್ಯ. 20-40 ಸಾವಿರ ವರ್ಷದ ಸಣ್ಣ ಲಯಕ್ಕೆಲ್ಲ ಜೀವಿಗಳು ಬಹುಪಾಲು ಅಳಿಯಲ್ಲ, ಜಾಗ ಬದಲಾಯಿಸ್ತವೆ. ಹಿಮ ಬಂತಾ ದಕ್ಷಿಣಕ್ಕೆ, ಹೋಯ್ತಾ ಉತ್ತರಕ್ಕೆ. ಯುರೋಪಿನ ಓಕ್ ಮರಗಳು ಸ್ಪೇನು ಇಟಲಿಗೆ ಇಳಿದು ಕೂತಿದ್ದು ಆಮೇಲೆ ವಾಪಸ್ ಹತ್ತಿದ್ವು. ಹೀಗೆ ಪದೇಪದೇ ಗುಳೆ ಹೋಗೋ ಕಡೆ ಒಂದೇ ಊರಿಗೆ ಅಂಟ್ಕೊಂಡಿರೋ ಜಾತಿ ಉಳಿಯೋದು ಕಷ್ಟ. ಉಷ್ಣವಲಯದಲ್ಲಿ ಏರುಪೇರು ಕಮ್ಮಿ, ಅದಕ್ಕೇ ಇಲ್ಲಿ ಸಣ್ಣ ಸಣ್ಣ ಜಾಗಕ್ಕೇ ಸೀಮಿತವಾದ ಜಾತಿಗಳು ಜಾಸ್ತಿ ಅಂತ ಒಂದು ವಾದ ಇದೆ, ನನಗೆ ಅದು ಒಪ್ಪಿಗೆ.

ಆದ್ರೆ ಈ ಲಯಗಳು ಒಂದರ ಮೇಲೊಂದು ಸೇರಿ ಇನ್ನೂ ಉದ್ದದ ಲಯ ಆಗತ್ತೆ. ಸ್ಪೇನಿನ ಇಲಿ ಅಳಿಲು ಜಾತಿ ಪ್ರಾಣಿಗಳ ಹಲ್ಲುಗಳನ್ನ ವಾನ್ ಡಾಮ್ ಮತ್ತೆ ಜೊತೆಯವರು 2 ಕೋಟಿ ವರ್ಷಕ್ಕೂ ಜಾಸ್ತಿ ಅವಧಿಗೆ ಜೋಡಿಸಿ ನೋಡಿದ್ರು, 2006ರಲ್ಲಿ ಬಂತು. ಹಳೇ ಜಾತಿ ಹೋಗಿ ಹೊಸದು ಬರೋದು ಸುಮಾರು 24 ಲಕ್ಷ ವರ್ಷಕ್ಕೊಂದ್ಸಲ ಮತ್ತೆ 10 ಲಕ್ಷ ವರ್ಷಕ್ಕೊಂದ್ಸಲ ಗುಂಪುಗುಂಪಾಗಿ. 40 ಕೋಟಿ ವರ್ಷಕ್ಕೂ ಹಳೇ ಗ್ರಾಪ್ಟೊಲೈಟ್ ಅನ್ನೋ ಸಮುದ್ರ ಜೀವಿಗಳಲ್ಲೂ ಇಂಥದೇ ಲಯ ಸಿಕ್ಕಿದೆ. ಸುಣ್ಣದ ತಟ್ಟೆ ಹೊದ್ದಿರೋ ಕೊಕೊಲಿತ್ ಪಾಚಿಗಳಲ್ಲಿ 4,05,000ದ ಲಯಕ್ಕೆ ಸರಿಯಾಗಿ ಗಾತ್ರ, ಜಾತಿ ವೈವಿಧ್ಯ ಬದಲಾಗಿರೋದು 2022ರಲ್ಲಿ ಬಂತು, ಕಕ್ಷೆ ಉದ್ದ ಆದಾಗ ಉಷ್ಣವಲಯದಲ್ಲೂ ಋತು ವ್ಯತ್ಯಾಸ ಜಾಸ್ತಿ ಆಗಿ ಬೇರೆಬೇರೆ ಥರದವಕ್ಕೆ ಜಾಗ ಸಿಗತ್ತೆ ಅಂತ.

ಜೆಎಲ್‌ಬಿ ರೋಡ್ ಇಂಜಿನಿಯರ್:
ಹಾಗಂತ ಎಲ್ಲಾನೂ ಕಕ್ಷೆ ತಲೆಗೆ ಕಟ್ಬೇಡಿ. ಡೈನೋಸಾರ್ ಹೋಗಿದ್ದು ಉಲ್ಕೆ ಹೊಡೆತಕ್ಕೆ. ಘಟ್ಟದ ಕಪ್ಪೆಗಳ ಬಹಳ ವಂಶಗಳು ಹಿಮಯುಗಕ್ಕಿಂತ ಕೋಟಿಗಟ್ಲೆ ವರ್ಷ ಹಳೇವು. 2003ರಲ್ಲಿ ಹೆಸರಿಟ್ರಲ್ಲ ಕೇರಳದ ನೇರಳೆ ಕಪ್ಪೆ, ಅದರ ನೆಂಟರು ಇರೋದು ಸೇಶೆಲ್ಸಲ್ಲಿ. ಅದು ಭೂಖಂಡ ಒಡೆದ ಕತೆ.

ರಂಗನತಿಟ್ಟು ಫ್ಯಾನ್:
ಯಾರೂ ಎಲ್ಲಾನೂ ಅಂದಿಲ್ಲ ಸ್ವಾಮಿ, "ಅರ್ಧ ಸತ್ಯ" ಅಂತಾನೇ ಶುರು ಮಾಡಿದ್ದು. ಮೇಲಿಂದ ಓದ್ಕೊಂಡು ಬನ್ನಿ.

ನಕ್ಷತ್ರ ಪ್ರಿಯೆ:
ದೊಡ್ಡಪ್ಪಂಗೆ ಬೇಕಾದ ಪಾಯಿಂಟ್ ನಾನ್ ಕೊಡ್ತೀನಿ. ಕಕ್ಷೆ ಲೆಕ್ಕದ ಪ್ರಕಾರ ಕಳೆದ ಸಾವಿರಾರು ವರ್ಷದಿಂದ ಉತ್ತರದ ಬೇಸಿಗೆ ಬಿಸಿಲು ಕಮ್ಮಿ ಆಗ್ತಾ ಬಂದಿದೆ. ಅಂದ್ರೆ ಭೂಮಿ ನಿಧಾನಕ್ಕೆ ತಣ್ಣಗಾಗ್ಬೇಕಿತ್ತು, ಆಗ್ತಿರೋದು ಬಿಸಿ. ಕಕ್ಷೆನ ಸಾಕ್ಷಿಗೆ ಕರೆದ್ರೆ ಅದು ದೊಡ್ಡಪ್ಪನ ವಿರುದ್ಧಾನೇ ಹೇಳತ್ತೆ. ಎರಡನೇದು ವೇಗ. ಅಂಟಾರ್ಕ್ಟಿಕಾ ಹಿಮದಲ್ಲಿ 8 ಲಕ್ಷ ವರ್ಷದ ಗಾಳಿಗುಳ್ಳೆ ಸಿಕ್ಕಿದೆ, ಹಿಮಯುಗದಲ್ಲಿ ಇಂಗಾಲದ ಡೈಆಕ್ಸೈಡ್ ದಶಲಕ್ಷಕ್ಕೆ 180ರ ಹತ್ರ, ಬೆಚ್ಚಗಿನ ಕಾಲದಲ್ಲಿ 280ರ ಆಸುಪಾಸು, 300 ದಾಟಿದ್ದೇ ಇಲ್ಲ ಅನ್ನಬೇಕು. ಕಳೆದ ಹಿಮಯುಗ ಮುಗಿಯೋವಾಗ ಆ ಏರಿಕೆಗೆ ಸಾವಿರಾರು ವರ್ಷ ಹಿಡೀತು. ಈಗ ಎರಡು ಶತಮಾನದೊಳಗೆ 280ರಿಂದ 420 ದಾಟಿದೀವಿ.

ಕುಕ್ಕರಹಳ್ಳಿ ಕೊಕ್ಕರೆ:
ಇದನ್ನ ಹಾಗೇ ಕಾಪಿ ಮಾಡಿ ಹಾಕಿದೆ. ಎರಡು ನೀಲಿ ಟಿಕ್ ಬಂತು, ಆಮೇಲೆ ಗುಡ್ ನೈಟ್ ಅಂತ ಗುಲಾಬಿ ಹೂವು ಬಂತು.

ಅಗ್ರಹಾರದ ಪಂಚಾಂಗ:
ಮುಂದಿನ ಹಿಮಯುಗ ಯಾವಾಗ, ಅದನ್ನಾದ್ರೂ ಹೇಳಿ.

ಕಲ್ಲು ಮಣ್ಣು:
ಕಕ್ಷೆ ಈಗ ಗುಂಡಗಾಗೋ ಕಡೆ ಹೋಗ್ತಿದೆ, ಏರಿಳಿತ ಸಣ್ಣದು. ಮನುಷ್ಯರ ಹೊಗೆ ಇಲ್ದಿದ್ರೂ ಈ ಬೆಚ್ಚಗಿನ ಕಾಲ ಇನ್ನೂ 50,000 ವರ್ಷ ನಡೀಬಹುದಿತ್ತು ಅಂತ ಆಂದ್ರೆ ಬರ್ಜರ್, ಮರಿ-ಫ್ರಾನ್ಸ್ ಲೂತ್ರ್ 2002ರಲ್ಲಿ ಲೆಕ್ಕ ಹಾಕಿದಾರೆ. ಸ್ವೆಟರ್ ಈಗ್ಲೇ ತಗೋಬೇಡಿ.

ಸರಸ್ವತಿಪುರಂ ಟೀಚರ್:
ಸರ್, ಆ ಫೊರಾಮಿನಿಫೆರಾ ಚಿಪ್ಪು ಮಕ್ಕಳಿಗೆ ತೋರಿಸ್ಬೇಕು ಅಂದ್ರೆ ಎಲ್ಲಿ ಸಿಗತ್ತೆ? ರಜೇಲಿ ಉಡುಪಿಗೆ ಹೋಗ್ತಿದೀವಿ. ಸ್ಕೂಲಲ್ಲಿ ಸಾಧಾರಣ ಮೈಕ್ರೋಸ್ಕೋಪ್ ಇದೆ.

ಕಲ್ಲು ಮಣ್ಣು:
ಬೀಚಲ್ಲೇ ಹುಡುಕಿ ಮೇಡಂ. ಅಲೆ ಬಂದು ನಿಲ್ಲೋ ಗೆರೆ ಹತ್ರ, ಚಿಪ್ಪಿನ ಚೂರು ಸೇರ್ಕೊಂಡಿರೋ ಕಡೆ ಮೇಲ್ಮೇಲಿನ ಮರಳು ಒಂದು ಹಿಡಿ ತಗೊಳ್ಳಿ. ನಲ್ಲಿ ನೀರಲ್ಲಿ ಉಪ್ಪು ತೊಳೆದು ಪೇಪರ್ ಮೇಲೆ ಒಣಗಿಸಿ. ವಿನೆಗರ್ ಗಿನೆಗರ್ ಹಾಕ್ಬೇಡಿ, ಸುಣ್ಣದ ಚಿಪ್ಪು ಕರಗಿ ಹೋಗತ್ತೆ. ಕರಿ ಪೇಪರ್ ಮೇಲೆ ತೆಳ್ಳಗೆ ಹರಡಿ, ಬೆಳಕು ಪಕ್ಕದಿಂದ ಬರೋ ಹಾಗೆ ಇಡಿ, ಕೆಳಗಿಂದ ಬೇಡ. ಲೆನ್ಸ್ ಕಮ್ಮಿ ಪವರ್‌ದೇ ಸಾಕು.

ವಿಸಿ ನಾಲೆ:
ಫ್ಯಾನ್ ಆಫ್ ಮಾಡ್ಕೊಳ್ಳಿ ಮೇಡಂ, ಸರ್ ಮೊದ್ಲೇ ಯೋಳವ್ರೆ ಆರೋಗ್ತದೆ ಅಂತ.